ಫಿಟ್ಸ್ ಇರೋರಿಗೆ ಆಂಟಿಬಯೋಟಿಕ್: ಈ ಭಯ ಎಲ್ಲಿಂದ ಬಂತು?

ಆಂಟಿಬಯೋಟಿಕ್ ತಗೊಂಡ್ರೆ ಫಿಟ್ಸ್ ಬರುತ್ತೆ ಅನ್ನೋ ಭಯ ಇದ್ಯಲ್ಲ, ಅದರ ಕಥೆ ಇದು. ಪೆನಿಸಿಲಿನ್ ಹೊಸದಾಗಿ ಬಂದಿದ್ದ ಕಾಲ. ಮೆದುಳಿನ ಸೋಂಕಿಗೆ ಅದನ್ನ ನೇರವಾಗಿ ಮೆದುಳಿನ ಒಳಗೇ ಇಂಜೆಕ್ಟ್ ಮಾಡಿ ನೋಡ್ತಿದ್ರು. 1945ರಲ್ಲಿ ಅಮೆರಿಕದ ಜಾನ್ಸನ್ ಮತ್ತು ವಾಕರ್ ಅನ್ನೋ ಡಾಕ್ಟ್ರುಗಳು, ಹೀಗೆ ಕೊಟ್ರೆ ಫಿಟ್ಸ್ ಬರುತ್ತೆ ಹುಷಾರು ಅಂತ ಬರೆದ್ರು. ತಮಾಷೆ ಅಂದ್ರೆ ಆಮೇಲೆ ಲ್ಯಾಬ್‌ಗಳಲ್ಲಿ ಪ್ರಾಣಿಗಳಿಗೆ ಬೇಕು ಅಂತಲೇ ಫಿಟ್ಸ್ ಬರ್ಸಿ ಸ್ಟಡಿ ಮಾಡೋಕೆ ಇದೇ ಪೆನಿಸಿಲಿನ್ ಬಳಸೋಕೆ ಶುರು ಮಾಡಿದ್ರು.

ಮೆದುಳಲ್ಲಿ ಗಾಬಾ ಅನ್ನೋ ಕೆಮಿಕಲ್ ಬ್ರೇಕ್ ತರ ಕೆಲಸ ಮಾಡುತ್ತೆ, ಪೆನಿಸಿಲಿನ್ ಮತ್ತು ಅದರ ಕುಟುಂಬದ ಔಷಧಿಗಳು ಆ ಬ್ರೇಕನ್ನ ಸಡಿಲ ಮಾಡ್ತವೆ. ಹಾಗಂತ ಗಂಟಲು ನೋವಿಗೆ ನುಂಗೋ ಮಾಮೂಲಿ ಡೋಸ್‌ಗೆ ಹೆದರ್ಬೇಕಾಗಿಲ್ಲ. ತೊಂದರೆ ಆಗೋದು ಜಾಸ್ತಿಯಾಗಿ ದೊಡ್ಡ ಡೋಸ್ ರಕ್ತನಾಳಕ್ಕೆ ಹೋದಾಗ, ಅದರಲ್ಲೂ ಕಿಡ್ನಿ ವೀಕ್ ಇದ್ದು ಔಷಧಿ ಹೊರಗೆ ಹೋಗದೇ ಮೈಯಲ್ಲೇ ಉಳ್ಕೊಂಡಾಗ. 1980ರ ದಶಕದಲ್ಲಿ ಬಂದ, ಇದೇ ಕುಟುಂಬದ ಇಮಿಪೆನೆಮ್ ಅನ್ನೋ ಆಂಟಿಬಯೋಟಿಕ್‌ಗೆ ಇದೇ ಕೆಟ್ಟ ಹೆಸರು ಬಂತು. ಇದೇ ಕುಟುಂಬದ ಸೆಫೆಪಿಮ್ ಬಗ್ಗೆ 2012ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡ್ತು, ಇದರಲ್ಲಿ ಕೈಕಾಲು ಅದುರದೇನೇ ಫಿಟ್ಸ್ ಒಳಗೊಳಗೇ ನಡೀತಿರುತ್ತೆ, ನೋಡೋರಿಗೆ ಪೇಷಂಟ್ ಸುಮ್ನೆ ಮಂಕಾಗಿ ಏನೇನೋ ಮಾತಾಡ್ತಿದಾರೆ ಅಂತ ಮಾತ್ರ ಅನ್ಸುತ್ತೆ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನ ನೋಡೋ ಟೆಸ್ಟ್) ಮಾಡಿದ್ರೇನೇ ಗೊತ್ತಾಗೋದು.

ಆದ್ರೆ ನನ್ನ ಪ್ರಕಾರ ಅಸಲಿ ವಿಷಯ ಬೇರೆ ಇದೆ. ಆಂಟಿಬಯೋಟಿಕ್ ಫಿಟ್ಸ್ ತರೋದಕ್ಕಿಂತ, ದಿನಾ ತಗೊಳ್ಳೋ ಫಿಟ್ಸ್ ಮಾತ್ರೆಯ ಲೆವೆಲನ್ನ ಸದ್ದಿಲ್ಲದೇ ಏರುಪೇರು ಮಾಡೋದಿದ್ಯಲ್ಲ, ಅದನ್ನ ಗಮನಿಸೋರು ಕಮ್ಮಿ. ವಾಲ್ಪ್ರೋಯೇಟ್ ಅನ್ನೋ ಫಿಟ್ಸ್ ಮಾತ್ರೆಯ ಕಥೆ ನೋಡಿ. 1960ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಅಕಸ್ಮಾತ್ತಾಗಿ ಸಿಕ್ಕ ಔಷಧಿ ಇದು, ಬೇರೆ ಔಷಧಿಗಳನ್ನ ಕರಗಿಸೋಕೆ ದ್ರಾವಕ ಅಂತ ಬಳಸ್ತಿದ್ದಾಗ ಇದೇ ಫಿಟ್ಸ್ ತಡೆಯುತ್ತೆ ಅಂತ ಗೊತ್ತಾಗಿದ್ದು. ಮೂರು ದಶಕ ಆದ್ಮೇಲೆ, ಮೆರೊಪೆನೆಮ್ ತರದ ಕಾರ್ಬಾಪೆನೆಮ್ ಗುಂಪಿನ ಆಂಟಿಬಯೋಟಿಕ್ ಜೊತೆ ಕೊಟ್ರೆ ರಕ್ತದಲ್ಲಿ ವಾಲ್ಪ್ರೋಯೇಟ್ ಒಂದೆರಡು ದಿನದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳುತ್ತೆ ಅಂತ ಜಪಾನ್ ಕಡೆಯಿಂದ ವರದಿಗಳು ಬಂದ್ವು. ವಾಲ್ಪ್ರೋಯೇಟ್ ಡೋಸ್ ಜಾಸ್ತಿ ಮಾಡಿದ್ರೂ ಲೆವೆಲ್ ಸರಿಯಾಗಿ ಏರಲ್ಲ! ಲಿವರ್ ಹೊರಗೆ ಕಳಿಸೋಕೆ ಕಟ್ಟಿಟ್ಟ ವಾಲ್ಪ್ರೋಯೇಟ್‌ನಲ್ಲಿ ಸ್ವಲ್ಪ ಭಾಗವನ್ನ ಒಂದು ಎಂಜೈಮ್ ಬಿಚ್ಚಿ ವಾಪಸ್ ರಕ್ತಕ್ಕೆ ಕೊಡ್ತಿರುತ್ತೆ, ಕಾರ್ಬಾಪೆನೆಮ್ ಆ ಎಂಜೈಮನ್ನೇ ತಡೆದುಬಿಡುತ್ತೆ. ಹಾಗಾಗಿ ಬೇರೆ ಆಂಟಿಬಯೋಟಿಕ್ ಹುಡುಕ್ತಾರೆ, ಬೇರೆ ದಾರಿನೇ ಇಲ್ಲ ಅಂದ್ರೆ ಫಿಟ್ಸ್‌ಗೆ ಇನ್ನೊಂದು ಔಷಧಿ ಸೇರಿಸ್ತಾರೆ.

ಕಾರ್ಬಮಜೆಪೈನ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆ ತಗೊಳ್ಳೋರಿಗೆ ಉಲ್ಟಾ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಕೊಟ್ರೆ ಲೆವೆಲ್ ಏರಿ ತಲೆ ತಿರುಗೋದು, ಒಂದು ಎರಡಾಗಿ ಕಾಣೋದು, ವಾಂತಿ. ಅಜಿಥ್ರೋಮೈಸಿನ್‌ನಲ್ಲಿ ಈ ಕಾಟ ಅಷ್ಟಿಲ್ಲ. ಟಿಬಿಗೆ ಕೊಡೋ ಐಸೋನಿಯಜಿಡ್, ಫೆನಿಟಾಯಿನ್ ಅನ್ನೋ ಫಿಟ್ಸ್ ಮಾತ್ರೆಯ ಲೆವೆಲ್ ಏರಿಸುತ್ತೆ, ಅದೇ ಟಿಬಿಯ ರಿಫಾಂಪಿಸಿನ್ ಇಳಿಸುತ್ತೆ, ಎರಡನ್ನೂ ಒಟ್ಟಿಗೇ ಕೊಡೋದ್ರಿಂದ ರಕ್ತ ಟೆಸ್ಟ್ ಮಾಡದೇ ಊಹೆ ಮಾಡೋದು ಕಷ್ಟ.

ಇದೆಲ್ಲ ಓದಿ ಆಂಟಿಬಯೋಟಿಕ್ಕೇ ಬೇಡ ಅಂತ ಕೂತ್ಕೊಂಡ್ರೆ ಅದು ಇನ್ನೂ ದೊಡ್ಡ ಯಡವಟ್ಟು. ಸೋಂಕು, ಜ್ವರ, ನಿದ್ದೆ ಕೆಡೋದು, ವಾಂತಿಯಾಗಿ ಮಾತ್ರೆ ಹೊರಗೆ ಬರೋದು, ಇವೇ ಫಿಟ್ಸ್ ತರ್ತವೆ. ಫಿಟ್ಸ್ ಬಂದಾಗ ಬಾಯಲ್ಲಿದ್ದಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗೋದೂ ಉಂಟು, ಆಗ ಆಂಟಿಬಯೋಟಿಕ್ ಬೇಕೇ ಬೇಕು. ವೈರಲ್ ನೆಗಡಿಗೆ ನಾವೇ ಕೇಳಿ ನುಂಗೋದು ಬೇಡ ಅಷ್ಟೇ.

ಇನ್ನು ಕೋರ್ಸ್ ಮುಗಿದ ತಕ್ಷಣ ಎಲ್ಲ ಮೊದಲಿನ ತರ ಆಗಲ್ಲ. ಕಾರ್ಬಾಪೆನೆಮ್ ನಿಲ್ಲಿಸಿದ್ಮೇಲೆ ವಾಲ್ಪ್ರೋಯೇಟ್ ಲೆವೆಲ್ ವಾಪಸ್ ಬರೋಕೆ ಒಂದೆರಡು ವಾರ ಬೇಕು. ರಿಫಾಂಪಿಸಿನ್ ನಡೀತಿದ್ದಾಗ ಫಿಟ್ಸ್ ಮಾತ್ರೆ ಡೋಸ್ ಏರಿಸಿದ್ರೆ, ಅದು ನಿಂತ್ಮೇಲೆ ಡಾಕ್ಟ್ರು ಮತ್ತೆ ಇಳಿಸ್ಬೇಕಾಗುತ್ತೆ, ಇಲ್ಲ ಅಂದ್ರೆ ಅದೇ ಡೋಸ್ ಓವರ್ ಆಗಿ ತೂರಾಡೋ ಹಾಗಾಗುತ್ತೆ.