ಹುಡುಗ ಒಳ್ಳೆಯವನೇ ಇರಬಹುದು, ಬೆಲೆ ಎಷ್ಟು?

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ: "ಸಾರ್, ಆ ಹುಡುಗ ಅಷ್ಟು ಚೆನ್ನಾಗಿ ಆಡ್ತಾನೆ, ನಮ್ಮ ಟೀಮ್ ಟ್ರೇಡ್ ಅಪ್ ಮಾಡಿ ಅವನನ್ನ ತಗೋಬೇಕಲ್ವಾ?" ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ, ಸನ್ನಿವೇಲ್ ಕಡೆಯ ನಮ್ಮ ಕನ್ನಡದ ಹುಡುಗರು ಕೇಳುತ್ತಾರೆ, ಆಟಗಾರರನ್ನು ಹುಡುಕಿ ಅಳೆಯುವ ವೃತ್ತಿಯಲ್ಲಿ ಪಳಗಿದ ಸ್ಕೌಟ್‌ಗಳೂ ಕೇಳುತ್ತಾರೆ. ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜು ಆಟಗಾರರ ಅಂಕಿ-ಅಂಶ ನೋಡಿ ವರದಿ ಬರೆಯುವುದು ನನ್ನ ಕಸುಬು, ಹಾಗಾಗಿ ನನ್ನನ್ನು ಕೇಳುವುದು ಸರಿಯೇ. ಆದರೆ ಹುಡುಗ ಚೆನ್ನಾಗಿ ಆಡುತ್ತಾನೆ ಅನ್ನುವುದಕ್ಕೂ ಟ್ರೇಡ್ ಅಪ್ ಮಾಡಬೇಕು ಅನ್ನುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಅದನ್ನು ಯಾರೂ ನೋಡುವುದೇ ಇಲ್ಲ.

ಐಪಿಎಲ್ ಹರಾಜು ನೋಡಿ ಬೆಳೆದವರಿಗಾಗಿ ಒಂದೆರಡು ಮಾತು. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಮುಗಿಸಿ ಬರುವವರಿಗೆ ಹರಾಜಿಲ್ಲ, ಡ್ರಾಫ್ಟ್ ಎಂಬ ಸರದಿ. 32 ತಂಡ, ಏಳು ಸುತ್ತು, ಹಿಂದಿನ ಸಲ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ದುಡ್ಡು ಸುರಿದು ಮುಂದೆ ಹೋಗುವಂತಿಲ್ಲ. ಮುಂದಿನ ಜಾಗ ಬೇಕಾದರೆ ನಿಮ್ಮ ಬೇರೆ ಪಿಕ್‌ಗಳನ್ನು, ಅಂದರೆ ಆಯ್ಕೆಯ ಸರದಿಗಳನ್ನು, ಬಿಟ್ಟುಕೊಡಬೇಕು, ಈ ವರ್ಷದ್ದು, ಬರುವ ವರ್ಷದ್ದು, ಅದರ ಮುಂದಿನದ್ದು. ಟ್ರೇಡ್ ಅಪ್ ಅಂದರೆ ಇದೇ.

2021ರಲ್ಲಿ ನಮ್ಮೂರಿನ 49ಅರ್ಸ್ ತಂಡ ಮಾಡಿದ್ದನ್ನೇ ನೋಡಿ. ಅವರ ಕೈಯಲ್ಲಿದ್ದದ್ದು 12ನೇ ಪಿಕ್, ಬೇಕಾಗಿದ್ದದ್ದು ಮಯಾಮಿಯ ಬಳಿ ಇದ್ದ 3ನೆಯದು. ಡಲ್ಲಾಸ್ ಕೋಚ್ ಜಿಮ್ಮಿ ಜಾನ್ಸನ್ ತೊಂಬತ್ತರ ದಶಕದ ಆರಂಭದಲ್ಲಿ ಬಳಕೆಗೆ ತಂದ, ಪಿಕ್‌ಗಳಿಗೆ ಬೆಲೆ ಕಟ್ಟುವ ಒಂದು ಪಟ್ಟಿಯಿದೆ. ಮೊದಲ ಪಿಕ್‌ಗೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200, ಮೊದಲ ಸುತ್ತಿನ ಕೊನೆಯದಕ್ಕೆ 590. ಅಂದರೆ 49ಅರ್ಸ್ ತುಂಬಬೇಕಿದ್ದ ಅಂತರ 1000 ಅಂಕ. ಅದಕ್ಕೆ ಅವರು ಕೊಟ್ಟದ್ದು 2022 ಮತ್ತು 2023ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ ಒಂದು ಮೂರನೇ ಸುತ್ತಿನದು. ಬಂದವನು ಟ್ರೇ ಲ್ಯಾನ್ಸ್, ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು. ಇಪ್ಪತ್ತರ ಹುಡುಗ, ಕೋವಿಡ್‌ನಿಂದಾಗಿ ಅದರ ಹಿಂದಿನ ಕಾಲೇಜು ಋತುವಿನಲ್ಲಿ ಆಡಿದ್ದೇ ಒಂದು ಪಂದ್ಯ. ಒಳ್ಳೆಯ ತೋಳು, ಒಳ್ಳೆಯ ಕಾಲು, ಕಲಿಯುವ ಮನಸ್ಸು. ಎರಡನೇ ವರ್ಷದ ಎರಡನೇ ಪಂದ್ಯದಲ್ಲಿ ಕಣಕಾಲು ಮುರಿಯಿತು. 49ಅರ್ಸ್ ಪರವಾಗಿ ಅವನು ಆರಂಭಿಸಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಹೋದ. ಅದೇ 49ಅರ್ಸ್ ತಂಡವನ್ನು 2024ರ ಫೆಬ್ರವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಕರೆದೊಯ್ದ ಬ್ರಾಕ್ ಪರ್ಡಿಯನ್ನು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್‌ನಲ್ಲಿ ತೆಗೆದುಕೊಂಡಿದ್ದರು.

ಇದನ್ನು ಕೇಳಿದವರು ತಕ್ಷಣ ಹುಡುಗನನ್ನು ಬೈಯುತ್ತಾರೆ, ಇಲ್ಲವೇ ಸ್ಕೌಟ್‌ಗಳನ್ನು. ದಯವಿಟ್ಟು ಹಾಗೆ ಮಾಡಬೇಡಿ. ಮೂಳೆ ಮುರಿದದ್ದು ಅವನ ತಪ್ಪಲ್ಲ, ಅದನ್ನು ಮೊದಲೇ ತಿಳಿಯುವ ವಿದ್ಯೆ ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಹೇಳಹೊರಟದ್ದೂ ಇದನ್ನೇ. ಟ್ರೇಡ್ ಅಪ್ ಮಾಡುವ ತಂಡ ಆಟಗಾರನಿಗೆ ಬೆಲೆ ಕೊಡುತ್ತಿಲ್ಲ. ಮಿಕ್ಕ 31 ತಂಡಗಳಿಗಿಂತ ತನಗೆ ಹೆಚ್ಚು ಗೊತ್ತು ಅನ್ನುವ ತನ್ನ ನಂಬಿಕೆಗೆ ಬೆಲೆ ಕೊಡುತ್ತಿದೆ.

ಇದು ಎಷ್ಟು ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ, ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ನಿಮಗೆ ಒಬ್ಬ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಬೇಕು. ಪಟ್ಟಿಯಲ್ಲಿ ಮೊದಲನೆಯವನು ನಿಮ್ಮ ಸರದಿ ಬರುವ ಹೊತ್ತಿಗೆ ಹೋಗಿರುತ್ತಾನೆ, ಎರಡನೆಯವನು ಸಿಗುತ್ತಾನೆ. ಮೊದಲನೆಯವನಿಗಾಗಿ ಮುಂದೆ ಹೋಗಬೇಕೇ? ನೀವು ಕೇಳಬೇಕಾದದ್ದು ಮೊದಲನೆಯವನು ಒಳ್ಳೆಯವನೇ ಎಂದಲ್ಲ. ಅವನು ಎರಡನೆಯವನಿಗಿಂತ ನಿಜಕ್ಕೂ ಮೇಲು ಎಂದು ಎಷ್ಟು ಖಚಿತವಾಗಿ ಹೇಳಬಲ್ಲಿರಿ ಎಂಬುದನ್ನು. ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಹಲವು ವರ್ಷಗಳ ಡ್ರಾಫ್ಟ್‌ಗಳನ್ನು ಜಾಲಾಡಿ ಇದನ್ನೇ ಎಣಿಸಿದರು. ಒಂದೇ ಸ್ಥಾನದಲ್ಲಿ ಆಡುವವರ ಪೈಕಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವುದು ನೂರಕ್ಕೆ ಸುಮಾರು 52 ಸಲ. ಮೊದಲ ಸುತ್ತಿನಲ್ಲಿ ತುಸು ಹೆಚ್ಚು, ಅಷ್ಟೇ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ವರ್ಷವಿಡೀ ಊರೂರು ಸುತ್ತುವ ಸ್ಕೌಟ್‌ಗಳು, ವಿಡಿಯೋ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ಸೇರಿ ಕೊಡುವ ಲಾಭ ಆ ಎರಡು. ಸ್ಕೌಟ್‌ಗಳು ದಡ್ಡರು ಅಂತಲ್ಲ, ಅವರ ಶ್ರಮವನ್ನು ನಾನು ಹತ್ತಿರದಿಂದ ಬಲ್ಲೆ. 32 ತಂಡಗಳಲ್ಲೂ ಅಷ್ಟೇ ಶ್ರಮಪಡುವವರಿದ್ದಾರೆ, ಎಲ್ಲರೂ ನೋಡುವುದು ಅದೇ ವಿಡಿಯೋವನ್ನು. ಎಲ್ಲರಿಗೂ ಗೊತ್ತಿರುವುದು ಸರದಿಯಲ್ಲಿ ಆಗಲೇ ಸೇರಿಹೋಗಿರುತ್ತದೆ, ಉಳಿದದ್ದು ಅದೃಷ್ಟ.

ಹಾಗಿರುವಾಗ ಒಂದು ಹೆಸರಿಗಾಗಿ ಮೂರು ಪಿಕ್ ಕೊಡುವುದೆಂದರೆ ಅದೃಷ್ಟ ಪರೀಕ್ಷೆಯ ಮೂರು ಅವಕಾಶ ಬಿಟ್ಟು ಒಂದನ್ನು ಇಟ್ಟುಕೊಂಡಂತೆ. ಆದರೆ ಆ ಒಂದಕ್ಕೆ ಮುಖವಿದೆ, ಜೆರ್ಸಿಯಿದೆ, ಪತ್ರಿಕೆಯಲ್ಲಿ ಫೋಟೋ ಇದೆ. ಕೊಟ್ಟ ಮೂರಕ್ಕೆ ಆ ಹೊತ್ತಿಗೆ ಮುಖವೇ ಇಲ್ಲ. ಒಂದೇ ಒಂದು ಸಲ ಅವರ ಮುಖಗಳು ಮೈದಾನದ ನಡುವೆ ಸಾಲಾಗಿ ನಿಂತಿದ್ದವು. 2012ರಲ್ಲಿ ವಾಷಿಂಗ್ಟನ್ 6ರಿಂದ 2ಕ್ಕೆ ಏರಲು ಆ ವರ್ಷದ ಎರಡನೇ ಸುತ್ತಿನ ಪಿಕ್ಕನ್ನೂ, 2013, 2014ರ ಮೊದಲ ಸುತ್ತಿನವನ್ನೂ ಸೇಂಟ್ ಲೂಯಿಸ್ ರಾಮ್ಸ್‌ಗೆ ಕೊಟ್ಟು ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ನನ್ನು ತಂದಿತು. ಮೊದಲ ವರ್ಷ ಅದ್ಭುತವಾಗಿ ಆಡಿದ, ಪ್ಲೇಆಫ್‌ನಲ್ಲಿ ಮೊಣಕಾಲು ಹೋಯಿತು. 2014ರ ಡಿಸೆಂಬರ್‌ನಲ್ಲಿ ಇದೇ ಎರಡು ತಂಡ ಎದುರಾದಾಗ ರಾಮ್ಸ್ ಕೋಚ್ ಜೆಫ್ ಫಿಶರ್, ಆ ಪಿಕ್‌ಗಳಿಂದ, ಅವುಗಳಲ್ಲಿ ಕೆಲವನ್ನು ಮತ್ತೆ ಬಿಟ್ಟುಕೊಟ್ಟು ಪಡೆದ ಪಿಕ್‌ಗಳಿಂದ ಬಂದ ಆರು ಆಟಗಾರರನ್ನೇ ಕ್ಯಾಪ್ಟನ್‌ಗಳಾಗಿ ಟಾಸ್‌ಗೆ ಕಳಿಸಿದ. ಒಬ್ಬನಿಗೆ ಬದಲಾಗಿ ಆರು ಜನ. ಪಂದ್ಯ 24-0, ರಾಮ್ಸ್ ಗೆಲುವು. ಆ ಆರರಲ್ಲಿ ಎಲ್ಲರೂ ದೊಡ್ಡ ಆಟಗಾರರಾಗಲಿಲ್ಲ ಎಂಬುದನ್ನೂ ಹೇಳಬೇಕು. ಆಗಬೇಕಾಗಿಯೂ ಇರಲಿಲ್ಲ.

ಬರುವ ವರ್ಷದ ಪಿಕ್ ಕೊಡುವಾಗ ಇನ್ನೊಂದು ಅಪಾಯವಿದೆ: ಅದು ಎಷ್ಟನೆಯದು ಎಂದು ಕೊಡುವ ದಿನ ಗೊತ್ತಿರುವುದಿಲ್ಲ. ದುರ್ಬಲ ತಂಡ ಕೊಟ್ಟರೆ ಅದು ಚಿನ್ನ. ವಾಷಿಂಗ್ಟನ್ ಕೊಟ್ಟ 2014ರ ಪಿಕ್ ಎರಡನೆಯದಾಗಿ ಕೂತಿತು. 2023ರಲ್ಲಿ ಕೆರೊಲೈನಾ ಪ್ಯಾಂಥರ್ಸ್ ಮೊದಲ ಪಿಕ್‌ಗಾಗಿ ಶಿಕಾಗೊಗೆ ಕೊಟ್ಟ ಗಂಟಿನಲ್ಲಿ 2024ರ ಮೊದಲ ಸುತ್ತಿನದೂ ಇತ್ತು, ಡಿ.ಜೆ. ಮೂರ್‌ನಂಥ ನುರಿತ ಆಟಗಾರನೂ ಇದ್ದ. ಆ ವರ್ಷ ಪ್ಯಾಂಥರ್ಸ್ 17ರಲ್ಲಿ ಎರಡೇ ಪಂದ್ಯ ಗೆದ್ದರು. ಕೊಟ್ಟ ಪಿಕ್ ಇಡೀ ಡ್ರಾಫ್ಟ್‌ನ ಮೊದಲನೆಯದಾಯಿತು, ಶಿಕಾಗೊ ಅದರಲ್ಲಿ ಕೇಲಬ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು.

"ಹಾಗಾದರೆ ಮಹೋಮ್ಸ್?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗಾಗಿ 2017ರಲ್ಲಿ ಕಾನ್ಸಾಸ್ ಸಿಟಿ 27ರಿಂದ 10ಕ್ಕೆ ಏರಿತು. ಬಫಲೋಗೆ ಕೊಟ್ಟದ್ದು 27, ಒಂದು ಮೂರನೇ ಸುತ್ತಿನದು, 2018ರ ಮೊದಲ ಸುತ್ತಿನದು. ಬಂದವನು ಮೂರು ಸೂಪರ್ ಬೌಲ್ ಗೆದ್ದುಕೊಟ್ಟ. ಆದರೆ ಅದು ಹಿಂದಿನ ವರ್ಷ 12 ಪಂದ್ಯ ಗೆದ್ದಿದ್ದ ತಂಡ, ಅಲೆಕ್ಸ್ ಸ್ಮಿತ್‌ನಂಥ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದ, ಹುಡುಗ ಒಂದು ವರ್ಷ ಅವನ ಹಿಂದೆ ಕೂತು ಕಲಿತ. ಕೊಟ್ಟ ಪಿಕ್ 22ನೆಯದಾಗಿ ಬಂತು. ಅದೇ ವರ್ಷ ಶಿಕಾಗೊ ಬರೀ ಒಂದು ಮೆಟ್ಟಿಲು, 3ರಿಂದ 2ಕ್ಕೆ ಏರಲು ಮೂರು ಪಿಕ್ ಕೊಟ್ಟು ಕ್ವಾರ್ಟರ್‌ಬ್ಯಾಕ್ ಟ್ರುಬಿಸ್ಕಿಯನ್ನು ತಂದಿತ್ತು. ಮಹೋಮ್ಸ್ ಆಗ ಇನ್ನೂ ಪಟ್ಟಿಯಲ್ಲೇ ಇದ್ದ.

ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ನಾನೂ ಸ್ವಲ್ಪ ಸಡಿಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ನಂತರ ಹೊಸಬರ ಸಂಬಳ ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ನಿಗದಿ. 2010ರ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಖಾತರಿ ಹಣ ಸಿಕ್ಕಿತ್ತು. ಮರುವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ನ ಇಡೀ ಒಪ್ಪಂದವೇ ಸುಮಾರು 2.2 ಕೋಟಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಷ್ಟು ಅಗ್ಗಕ್ಕೆ ಸಿಕ್ಕರೆ ಉಳಿದ ದುಡ್ಡಲ್ಲಿ ಇಡೀ ತಂಡ ಕಟ್ಟಬಹುದು. ಆದ್ದರಿಂದ ಬಲವಾದ ತಂಡ, ಕ್ವಾರ್ಟರ್‌ಬ್ಯಾಕ್ ಒಬ್ಬನೇ ಕೊರತೆ ಅನ್ನುವಂತಿದ್ದರೆ, ಬರುವ ವರ್ಷದ ಒಂದು ಮೊದಲ ಸುತ್ತಿನ ಪಿಕ್‌ನವರೆಗೆ ಹೋಗಬಹುದು ಎಂದು ನನ್ನ ಅಂದಾಜು. ಎರಡು ಕೊಡುವುದಾದರೆ ನನಗೆ ತುಂಬಾ ಗಟ್ಟಿಯಾದ ಕಾರಣ ಬೇಕು. ಬೇರೆ ಸ್ಥಾನಗಳಿಗೆ ಹೀಗೆ ಏರಬೇಡಿ ಎಂದೇ ಬರೆದುಕೊಡುತ್ತೇನೆ. 2011ರಲ್ಲಿ ಅಟ್ಲಾಂಟಾ ಐದು ಪಿಕ್ ಕೊಟ್ಟು ತಂದ ಜೂಲಿಯೋ ಜೋನ್ಸ್ ಅಮೋಘ ರಿಸೀವರ್ ಆದ, ನಿಜ. ಅಂಥ ಉದಾಹರಣೆಗಳು ಇವೆ. ಅವನ್ನು ಮೊದಲೇ ಗುರುತಿಸಿದ್ದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಯಾರಾದರೂ ಪಟ್ಟುಹಿಡಿದು ಕೇಳಿದರೆ ನಾನು ಕೊಡುವ ಸಲಹೆ ಇಷ್ಟೇ. ಡ್ರಾಫ್ಟ್‌ಗೆ ಒಂದು ವಾರ ಮೊದಲು, ಯಾರ ಫೋನೂ ಬಾರದ ಹೊತ್ತಿನಲ್ಲಿ, ಮೊದಲನೆಯವನು ಕೈತಪ್ಪಿ ಎರಡನೆಯವನು ಸಿಕ್ಕರೆ ತಂಡಕ್ಕೆ ಆಗುವ ನಷ್ಟವೇನು ಎಂದು ಬರೆಯಿರಿ. ಅದನ್ನು ತುಂಬಲು ಯಾವ ಯಾವ ಪಿಕ್ ಕೊಡಲು ಸಿದ್ಧ ಎಂದು ಅದರ ಕೆಳಗೆ ಬರೆದು ಜನರಲ್ ಮ್ಯಾನೇಜರ್ ಸಹಿ ಹಾಕಿಸಿ. ಆ ರಾತ್ರಿ ಗಡಿಯಾರ ಓಡುತ್ತಿರುವಾಗ ಇನ್ನೊಂದು ಪಿಕ್ ಸೇರಿಸಿ ಎಂದು ಆಚೆ ತಂಡದವರು ಕೇಳೇ ಕೇಳುತ್ತಾರೆ. ಹಾಳೆಯಲ್ಲಿ ಇಲ್ಲದ ಪಿಕ್ ಕೊಡಬೇಡಿ, ಫೋನ್ ಇಟ್ಟುಬಿಡಿ.