ಎಕ್ಸೆಲ್ ಯಾರಿಗಾಗಿ ಕಾಯುತ್ತಿತ್ತು?

ರಾತ್ರಿ ಒಂಬತ್ತರ ಹೊತ್ತಿಗೆ ಸಾಗರದಿಂದ ಚಿಕ್ಕಪ್ಪನ ಫೋನು. ಅಡಿಕೆ ವ್ಯಾಪಾರದ ಲೆಕ್ಕವನ್ನೆಲ್ಲ ಅವರು ಎಕ್ಸೆಲ್‌ನಲ್ಲೇ ಇಟ್ಟುಕೊಂಡಿದ್ದಾರೆ. "ಮಾರಾಯ, ಇದು ಮುಚ್ಚೋದೇ ಇಲ್ಲ. ಮೂಲೇಲಿರೋ ಇಂಟು ಗುರುತು ಹತ್ತು ಸಲ ಒತ್ತಿದೆ. ಕಿಟಕಿಯೆಲ್ಲ ಬೆಳ್ಳಗಾಗಿ ಕೂತಿದೆ. ಶಟ್‌ಡೌನ್ ಕೊಟ್ರೂ ಮುಂದಕ್ಕೆ ಹೋಗ್ತಿಲ್ಲ. ವೈರ್ ಕಿತ್ಬಿಡ್ಲಾ?"

"ಬೇಡ, ಶಟ್‌ಡೌನ್ ಕ್ಯಾನ್ಸಲ್ ಮಾಡಿ ಹಾಗೇ ಇಡಿ" ಎಂದೆ. ಬೆಳಗಿನಿಂದ ಹೊಡೆದ ತೂಕದ ಲೆಕ್ಕ ಸೇವ್ ಆಗಿರಲಿಲ್ಲ.

ಇಂಟು ಗುರುತನ್ನು ನಾವು ಬಲ್ಬಿನ ಸ್ವಿಚ್ಚಿನ ಹಾಗೆ ಒತ್ತುತ್ತೇವೆ. ಒಳಗಿನ ವ್ಯವಹಾರ ನೋಡಿದರೆ ತಾಲ್ಲೂಕು ಕಚೇರಿಯ ಟಪಾಲು ಟೇಬಲ್ಲಿಗೇ ಹತ್ತಿರ. ವಿಂಡೋಸ್‌ನಲ್ಲಿ ಕಿಟಕಿ ತೆರೆಯುವ ಪ್ರತಿ ಪ್ರೋಗ್ರಾಮಿಗೂ ಒಂದು ಟಪಾಲು ಪೆಟ್ಟಿಗೆ ಇರುತ್ತದೆ. ನೀವು ಒಂದು ಅಕ್ಷರ ಒತ್ತಿದರೆ ಅದರೊಳಗೊಂದು ಚೀಟಿ ಬೀಳುತ್ತದೆ, ಮೌಸ್ ಅಲುಗಿಸಿದರೆ ಇನ್ನೊಂದು. ಪ್ರೋಗ್ರಾಮಿನ ಒಳಗೆ ಗುಮಾಸ್ತನಂಥ ಒಂದು ಥ್ರೆಡ್ ಕೂತು ಚೀಟಿಗಳನ್ನು ಒಂದೊಂದಾಗಿ ಎತ್ತಿ ವಿಲೇವಾರಿ ಮಾಡುತ್ತಿರುತ್ತದೆ. ಇಂಟು ಗುರುತು ಒತ್ತಿದಾಗಲೂ ಹೀಗೇ ಒಂದು ಚೀಟಿ ಹೋಗುತ್ತದೆ: 'ದಯವಿಟ್ಟು ಮುಚ್ಚಿಕೊಳ್ಳಿ.' ಮುಚ್ಚಿಕೊಳ್ಳುವ ಕೆಲಸ ಪ್ರೋಗ್ರಾಮಿನದೇ. ಅದು ಬೇಕಾದರೆ 'ಸೇವ್ ಮಾಡಲೇ?' ಎಂದು ಕೇಳಬಹುದು, ಬೇಡವೆಂದರೆ ಚೀಟಿಯನ್ನು ಪಕ್ಕಕ್ಕಿಟ್ಟು ತಾನು ಕಿಟಕಿ ಮರೆಮಾಡಿ ಗಡಿಯಾರದ ಪಕ್ಕದ ಸಣ್ಣ ಐಕಾನ್ ಆಗಿ ಬದುಕಿಕೊಳ್ಳಬಹುದು. ಚಾಟಿಂಗ್ ಪ್ರೋಗ್ರಾಮುಗಳು ಬಹುತೇಕ ಮಾಡುವುದು ಇದನ್ನೇ. ಅದು ದೋಷವಲ್ಲ, ಹಟ.

ಗುಮಾಸ್ತ ಏನೋ ಹುಡುಕಲು ದಾಖಲೆ ಕೋಣೆಗೆ ಹೋದ, ಬರಲೇ ಇಲ್ಲ ಅನ್ನಿ. ಚೀಟಿಗಳು ಪೆಟ್ಟಿಗೆಯಲ್ಲೇ ಬೀಳುತ್ತಿರುತ್ತವೆ. 5 ಸೆಕೆಂಡ್ ಯಾರೂ ಪೆಟ್ಟಿಗೆ ಮುಟ್ಟದಿದ್ದರೆ ವಿಂಡೋಸ್ ಆ ಪ್ರೋಗ್ರಾಮಿನ ನೆತ್ತಿಯ ಮೇಲೆ 'ನಾಟ್ ರೆಸ್ಪಾಂಡಿಂಗ್' ಎಂದು ಬರೆಯುತ್ತದೆ. ಆಗ ಬೆಳ್ಳಗೆ ಕಾಣುವುದು ಎಕ್ಸೆಲ್ಲಿನ ಕಿಟಕಿ ಅಲ್ಲವೇ ಅಲ್ಲ. ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ವಿಂಡೋಸ್ ನಿಲ್ಲಿಸಿದ ಬೆದರುಗೊಂಬೆ ಅದು. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಈ ಉಪಾಯ ಇದೆ. ಇಂಗ್ಲಿಷಿನಲ್ಲಿ ಇದನ್ನು ದೆವ್ವದ ಕಿಟಕಿ ಎಂದೇ ಕರೆಯುತ್ತಾರೆ. ಕಿಟಕಿಯನ್ನು ಪಕ್ಕಕ್ಕೆ ಎಳೆಯಲಾದರೂ ಆಗಲಿ, ಇಂಟು ಒತ್ತಿದರೆ 'ಕಾಯುವಿರಾ, ಮುಚ್ಚಿಬಿಡಲೇ' ಎಂದು ಕೇಳಲಾದರೂ ಆಗಲಿ ಎಂದು ಈ ಏರ್ಪಾಟು.

ಆ ಪ್ರಶ್ನೆಯನ್ನು ನಮಗೇಕೆ ಕೇಳಬೇಕು? ಕೆಟ್ಟು ನಿಂತಿದೆಯೋ, ಕೆಲಸದಲ್ಲಿ ಮುಳುಗಿದೆಯೋ ಎಂಬುದು ಕಂಪ್ಯೂಟರಿಗೇ ಗೊತ್ತಾಗಬಾರದೇ? ಗೊತ್ತಾಗುವುದಿಲ್ಲ. ಯಾವುದೇ ಪ್ರೋಗ್ರಾಮ್ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂದು ತಪ್ಪದೆ ಹೇಳುವ ಸಾರ್ವತ್ರಿಕ ವಿಧಾನ ಇರಲು ಸಾಧ್ಯವಿಲ್ಲ ಎಂದು ಆಲನ್ ಟ್ಯೂರಿಂಗ್ 1936ರಲ್ಲೇ ಗಣಿತದಿಂದ ತೋರಿಸಿದ. ಆಗ ಇಂದಿನ ಅರ್ಥದ ಕಂಪ್ಯೂಟರೇ ಇರಲಿಲ್ಲ. ಹಾಗಾಗಿ ಆ 5 ಸೆಕೆಂಡ್ ಒಂದು ಅಂದಾಜು, ಅಷ್ಟೆ. ದೊಡ್ಡ ಫೈಲಿನಲ್ಲಿ ಸಾವಿರಾರು ಸೂತ್ರಗಳನ್ನು ಲೆಕ್ಕ ಹಾಕುತ್ತಿರುವ ಎಕ್ಸೆಲ್ಲೂ ಬೆಳ್ಳಗಾಗುತ್ತದೆ, ಎರಡು ನಿಮಿಷ ಬಿಟ್ಟರೆ ತಾನಾಗಿ ಎದ್ದು ಕೂರುತ್ತದೆ.

ಎರಡನ್ನೂ ಬೇರೆ ಮಾಡಿ ನೋಡಲು ನಾನು ಮೊದಲು ಮಾಡಿಸುವ ಕೆಲಸ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುವುದು. (ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿಯೂ ಅಲ್ಲಿಗೆ ಹೋಗಬಹುದು. 1981ರ ಐಬಿಎಂ ಪಿಸಿ ಕಟ್ಟಿದವರಲ್ಲೊಬ್ಬರಾದ ಡೇವಿಡ್ ಬ್ರಾಡ್ಲಿ ಆ ಜೋಡಣೆಯನ್ನು ತಮ್ಮ ಕೆಲಸದವರು ಯಂತ್ರವನ್ನು ಬೇಗ ಮರುಚಾಲನೆ ಮಾಡಿಕೊಳ್ಳಲಿ ಎಂದು ಮಾಡಿದ್ದು. ಕೈತಪ್ಪಿ ಒತ್ತಿಹೋಗದಿರಲಿ, ಎರಡು ಕೈ ಬೇಕಾಗಲಿ ಎಂದೇ ಡಿಲೀಟ್ ಕೀಲಿಯನ್ನು ಆರಿಸಿದರು.) ಅಲ್ಲಿ ಎಕ್ಸೆಲ್ ಎದುರು ಸಿಪಿಯು ಎಷ್ಟಿದೆ ಎಂದು ಚಿಕ್ಕಪ್ಪನನ್ನು ಕೇಳಿದೆ. "ಸೊನ್ನೆ" ಎಂದರು. ಡಿಸ್ಕ್? "ಅದೂ ಸೊನ್ನೆ." ಎರಡು ನಿಮಿಷ ಬಿಟ್ಟು ಕೇಳಿದರೂ ಸೊನ್ನೆಯೇ.

ಇದು ಒಳ್ಳೆಯ ಸುಳಿವು. ಸಿಪಿಯು ಏರಿದ್ದರೆ ಪ್ರೋಗ್ರಾಮ್ ಏನನ್ನೋ ಅರೆಯುತ್ತಿದೆ ಎಂದರ್ಥ, ಕಾಯಬಹುದು. ಸೊನ್ನೆಯಲ್ಲೇ ನಿಂತಿದ್ದರೆ ಅದು ನಿದ್ದೆ ಮಾಡುತ್ತಿದೆ, ಯಾರೋ ಬಂದು ಎಬ್ಬಿಸಲಿ ಎಂದು. ಮುಚ್ಚದ ಪ್ರೋಗ್ರಾಮನ್ನು ಕೊಲ್ಲುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಮಾತ್ರ, ಅದು ಯಾರಿಗಾಗಿ ಕಾಯುತ್ತಿದೆ ಎಂಬ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬಂದಿದೆ.

ಕೆಲವೊಮ್ಮೆ ಇಬ್ಬರು ಒಬ್ಬರಿಗೊಬ್ಬರು ಕಾಯುತ್ತಿರುತ್ತಾರೆ. ಆಗುಂಬೆ ಘಾಟಿಯ ತಿರುವಿನಲ್ಲಿ ಎರಡು ಬಸ್ಸುಗಳು ಮೂತಿಗೆ ಮೂತಿ ಕೊಟ್ಟು ನಿಂತದ್ದನ್ನು ನೋಡಿದ್ದೀರಾ? ಮೇಲಿನದು ಹಿಂದೆ ಸರಿದರೆ ಕೆಳಗಿನದು ಹೋದೀತು, ಕೆಳಗಿನದು ಸರಿದರೆ ಮೇಲಿನದು. ಇಬ್ಬರ ಹಿಂದೆಯೂ ಸಾಲು ಬೆಳೆದಿರುತ್ತದೆ. ಒಂದು ಥ್ರೆಡ್ ಫೈಲನ್ನು ಹಿಡಿದುಕೊಂಡು ಮೆಮೊರಿಯ ಬೀಗಕ್ಕೆ, ಇನ್ನೊಂದು ಬೀಗ ಹಿಡಿದುಕೊಂಡು ಫೈಲಿಗೆ ಕಾದರೆ ಆಗುವುದೂ ಅದೇ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಇದನ್ನು 'ಮಾರಕ ಆಲಿಂಗನ' ಎಂದು ಕರೆದ. ಬ್ಯಾಂಕುಗಳ ಡೇಟಾಬೇಸುಗಳು ಇಂಥ ಗಂಟನ್ನು ತಾವೇ ಪತ್ತೆ ಹಚ್ಚಿ ಒಬ್ಬರನ್ನು ಬಲಿ ಕೊಟ್ಟು ದಾರಿ ಬಿಡಿಸುತ್ತವೆ. ನಮ್ಮ ಮೇಜಿನ ಕಂಪ್ಯೂಟರ್ ಹಾಗೆ ಮಾಡುವುದಿಲ್ಲ. ಘಾಟಿಯಲ್ಲಿ ಇಳಿದು ಕೈ ಬೀಸುವ ಕಂಡಕ್ಟರ್ ನಾವೇ ಆಗಬೇಕು.

ಅದಕ್ಕೊಂದು ಸಲಕರಣೆ ವಿಂಡೋಸ್‌ನಲ್ಲೇ ಇದೆ. ಟಾಸ್ಕ್ ಮ್ಯಾನೇಜರಿನ 'ಡೀಟೇಲ್ಸ್' ಪುಟದಲ್ಲಿ ಪ್ರೋಗ್ರಾಮಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ 'ಅನಲೈಸ್ ವೇಟ್ ಚೈನ್' ಎಂಬ ಸಾಲು ಸಿಗುತ್ತದೆ. ಯಾರು ಯಾರಿಗೆ ಕಾಯುತ್ತಿದ್ದಾರೆ ಎಂಬ ಸರಪಳಿಯನ್ನು ಅದು ವಂಶವೃಕ್ಷದ ಹಾಗೆ ಬಿಡಿಸಿ ತೋರಿಸುತ್ತದೆ. ಎಲ್ಲ ಬಗೆಯ ಕಾಯುವಿಕೆಯೂ ಅದಕ್ಕೆ ಕಾಣುವುದಿಲ್ಲ, ಆದರೂ ಇಷ್ಟು ಒಳ್ಳೆಯದನ್ನು ಇಷ್ಟು ಒಳಗೆ ಬಚ್ಚಿಟ್ಟಿದ್ದೇಕೋ! ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಓದಿದರು: "ಎಕ್ಸೆಲ್... ಅದರ ಕೆಳಗೆ ಎಸ್, ಪಿ, ಎಲ್, ಡಬ್ಲ್ಯೂ, ಓ, ಡಬ್ಲ್ಯೂ, ಅರವತ್ನಾಲ್ಕು... ಇದ್ಯಾವುದೋ, ವೈರಸ್ಸಾ?"

ವೈರಸ್ ಅಲ್ಲ, ದುಭಾಷಿ. ಅವರ ಎಕ್ಸೆಲ್ ಹಳೆಯದು, 32 ಬಿಟ್‌ನದು. ವಿಂಡೋಸ್ 64 ಬಿಟ್‌ನದು. 32 ಬಿಟ್ ಪ್ರೋಗ್ರಾಮ್ ಮುದ್ರಣದ ವಿಷಯದಲ್ಲಿ 64 ಬಿಟ್ ಪ್ರಿಂಟರ್ ಡ್ರೈವರಿನ (ಪ್ರಿಂಟರನ್ನು ನಡೆಸುವ ಪ್ರೋಗ್ರಾಮ್) ಜೊತೆ ನೇರ ಮಾತಾಡಲಾರದು. ನಡುವೆ ನಿಂತು ಮಾತು ದಾಟಿಸುವುದು ಇದರ ಕೆಲಸ. ಮುದ್ರಿಸುವ ಗೊಡವೆಯೇ ಇಲ್ಲದಾಗ ಪ್ರಿಂಟರಿನ ಮಾತೇಕೆ ಎನ್ನುತ್ತೀರಿ. ಹಾಳೆ ಎಷ್ಟು ಅಗಲ, ಅಂಚು ಎಷ್ಟು ಬಿಡಬೇಕು ಎಂಬುದನ್ನು ಎಕ್ಸೆಲ್ ಕೇಳುವುದು ಡೀಫಾಲ್ಟ್ ಪ್ರಿಂಟರನ್ನು. ಪ್ರಿಂಟರ್ ಉತ್ತರ ಕೊಡದಿದ್ದರೆ ದುಭಾಷಿ ಕಾಯುತ್ತಾನೆ, ದುಭಾಷಿಗೆ ಗುಮಾಸ್ತ ಕಾಯುತ್ತಾನೆ, ಗುಮಾಸ್ತನಿಗೆ ಚಿಕ್ಕಪ್ಪ.

ಹಾಗಾಗಿ ಎಕ್ಸೆಲ್ಲಿನ ತಂಟೆಗೆ ಹೋಗದೆ ದುಭಾಷಿಯನ್ನಷ್ಟೇ ಆರಿಸಿ 'ಎಂಡ್ ಪ್ರೋಸೆಸ್' ಕೊಡಿಸಿದೆ. ಬೇಕಾದಾಗ ವಿಂಡೋಸ್ ಅದನ್ನು ಮತ್ತೆ ಹುಟ್ಟಿಸಿಕೊಳ್ಳುತ್ತದೆ, ಹೋದರೆ ನಷ್ಟವಿಲ್ಲ. ಒಂದೆರಡು ಕ್ಷಣ ಬಿಟ್ಟು ಚಿಕ್ಕಪ್ಪ ಕೂಗಿದರು, "ಬಣ್ಣ ಬಂತು!" ಪೆಟ್ಟಿಗೆಯಲ್ಲಿ ಕಾದಿದ್ದ ಚೀಟಿಗಳ ಸರದಿ ಈಗ ಬಂದಿತ್ತು. ಇಂಟು ಒತ್ತಿದ ಹಳೆಯ ಚೀಟಿ ಓದಿ ಎಕ್ಸೆಲ್ ವಿನಯದಿಂದ ಕೇಳಿತು, ಸೇವ್ ಮಾಡಲೇ? "ಮಾಡು ಅನ್ನಿ" ಎಂದೆ.

ನೇರ ಎಕ್ಸೆಲ್ಲನ್ನೇ ಕೊಂದಿದ್ದರೆ? ಕೊಲ್ಲುವುದರಲ್ಲೂ ಎರಡು ಬಗೆ ಇದೆ. ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನಲ್ಲಿ ಅದಕ್ಕೆ ನಂಬರುಗಳೇ ಇವೆ: 15ನೇ ಸಿಗ್ನಲ್ ಕಳಿಸಿದರೆ 'ಗಂಟು ಕಟ್ಟಿಕೊಂಡು ಹೊರಡು', 9 ಕಳಿಸಿದರೆ ಉಸಿರೆತ್ತಲೂ ಬಿಡುವುದಿಲ್ಲ. ವಿಂಡೋಸ್‌ನ 'ಎಂಡ್ ಪ್ರೋಸೆಸ್' ಈ ಒಂಬತ್ತರ ಜಾತಿಯದು. ಪ್ರೋಗ್ರಾಮ್ ಹಿಡಿದಿದ್ದ ಮೆಮೊರಿ, ತೆರೆದಿದ್ದ ಫೈಲುಗಳನ್ನೆಲ್ಲ ವಿಂಡೋಸ್ ತಾನೇ ವಾಪಸು ಪಡೆಯುತ್ತದೆ, ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಹೋಗುವುದು ಸೇವ್ ಆಗದ ಕೆಲಸ ಮಾತ್ರ. ಹಿಂದೆ ಸೇವ್ ಮಾಡಿದ್ದೂ ಕೆಡುತ್ತದೆಯೇ ಎಂಬ ಭಯ ಎಕ್ಸೆಲ್ಲಿನ ಮಟ್ಟಿಗೆ ಅಷ್ಟಾಗಿ ಬೇಡ. ಅದು ಹಳೆಯ ಫೈಲಿನ ಮೇಲೆ ನೇರ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ತಾತ್ಕಾಲಿಕ ಫೈಲ್ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸಿ ಕೂರಿಸುತ್ತದೆ. ಲೆಕ್ಕದ ಫೋಲ್ಡರಿನಲ್ಲಿ ಅಂಕಿ, ಅಕ್ಷರ ಬೆರೆತ ಅರ್ಥವಿಲ್ಲದ ಹೆಸರಿನ ಫೈಲೊಂದು ಎಂದಾದರೂ ಕಂಡಿದ್ದರೆ, ಅದು ನಡುವೆ ನಿಂತುಹೋದ ಇಂಥದೊಂದು ಸೇವ್ ಇದ್ದೀತು.

ಒಂಬತ್ತರ ಏಟಿಗೂ ಸಾಯದವು ಇವೆ. ಪ್ರೋಗ್ರಾಮ್ ಡಿಸ್ಕಿಗೋ ಯುಎಸ್‌ಬಿಗೋ ಏನೋ ಕೇಳಿ, ಆ ಕೋರಿಕೆ ವಿಂಡೋಸ್‌ನ ಹೊಟ್ಟೆಯೊಳಗಿನ ಡ್ರೈವರಿನಲ್ಲಿ ಸಿಕ್ಕಿಕೊಂಡರೆ, ಅದು ಮುಗಿಯುವ ತನಕ ಅಥವಾ ರದ್ದಾಗುವ ತನಕ ಪ್ರೋಸೆಸ್ ಪಟ್ಟಿಯಿಂದ ಅಳಿಯದು. ಅರ್ಧ ಬರೆದ ಕೋರಿಕೆಯ ಉತ್ತರ ಬಂದು ಬೀಳುವ ಮೆಮೊರಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಅನಾಹುತ, ಅದಕ್ಕೆ. ಲಿನಕ್ಸ್‌ನಲ್ಲಿ ಇಂಥದರ ಎದುರು 'ಡಿ' ಎಂಬ ಅಕ್ಷರ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಪೆನ್‌ಡ್ರೈವೋ ಹೊರಗಿನ ಹಾರ್ಡ್‌ಡಿಸ್ಕೋ ಸಾಯುತ್ತಿದೆಯೇ ಎಂದು ನೋಡುವುದು ಲೇಸು. ಮತ್ತೇನೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿಯುವುದು. 4 ಸೆಕೆಂಡ್ ದಾಟಿದರೆ ವಿಂಡೋಸನ್ನು ಕೇಳದೆ ಯಂತ್ರವೇ ವಿದ್ಯುತ್ ಕಡಿಯಬೇಕೆಂಬ ನಿಯಮ ಇದೆ. ಕೆಲವು ಲ್ಯಾಪ್‌ಟಾಪುಗಳು ಇನ್ನೂ ಸ್ವಲ್ಪ ಹೊತ್ತು ಹಿಡಿಸುತ್ತವೆ.

ಶಟ್‌ಡೌನ್ ಏಕೆ ಆಗಲಿಲ್ಲ ಎಂಬುದು ಈಗ ಊಹಿಸಬಹುದು. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಮನೆಮನೆಗೆ ಹೋಗಿ 'ಹೊರಡುತ್ತಿದ್ದೇವೆ, ಅಭ್ಯಂತರ ಉಂಟೇ?' ಎಂದು ಮತ್ತೊಂದು ಚೀಟಿ ಹಾಕುತ್ತದೆ. ಉತ್ತರ ಬರದವರ ಹೆಸರನ್ನು ಪರದೆಯ ಮೇಲೆ ಬರೆದು ನಮ್ಮ ತೀರ್ಮಾನಕ್ಕೆ ಬಿಡುತ್ತದೆ. ಅಲ್ಲಿ ಕಾಣುವ 'ಶಟ್‌ಡೌನ್ ಎನಿವೇ' ಒತ್ತುವ ಮೊದಲು ಒಮ್ಮೆ 'ಕ್ಯಾನ್ಸಲ್' ಕೊಟ್ಟು ಹೆಸರಿದ್ದವರನ್ನು ಮಾತಾಡಿಸಿ ನೋಡಬಹುದು. ಈ ಕಾಯುವ ಅವಧಿಯನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಕತ್ತರಿಸಿ ಶಟ್‌ಡೌನ್ ಚುರುಕು ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಅವು ಜ್ವರ ಬಂದಾಗ ಥರ್ಮಾಮೀಟರ್ ಒಡೆಯುವ ವೈದ್ಯ.

ಚಿಕ್ಕಪ್ಪನಿಗೆ ಇನ್ನೊಂದು ಕೇಳಿದೆ: ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ಎಷ್ಟಿದೆ? "ಇಪ್ಪತ್ಮೂರು, ಆಮೇಲೆ ಹನ್ನೊಂದು, ಆಮೇಲೆ..." ಮೊದಲನೆಯದು ದಿನ. ಅವರಿಗೆ ಸಿಟ್ಟೇ ಬಂತು. "ಸುಳ್ಳು! ದಿನಾ ರಾತ್ರಿ ಶಟ್‌ಡೌನ್ ಮಾಡಿ, ಗೋಡೆ ಸ್ವಿಚ್ಚೂ ಆರಿಸಿಯೇ ಮಲಗೋದು ನಾನು."

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಟು ಬಂದಿದೆ. ಶಟ್‌ಡೌನ್ ಕೊಟ್ಟರೆ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಮತ್ತು ಡ್ರೈವರುಗಳ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೇ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುತ್ತದೆ. ಬೆಳಿಗ್ಗೆ ಹೊಸದಾಗಿ ಹುಟ್ಟುವ ಬದಲು ಅದನ್ನೇ ಓದಿಕೊಂಡು ಏಳುತ್ತದೆ. ಗೋಡೆ ಸ್ವಿಚ್ ಆರಿಸಿದರೂ ಡಿಸ್ಕಿನಲ್ಲಿ ಬರೆದದ್ದು ಎಲ್ಲಿಗೆ ಹೋದೀತು? ನಿನ್ನೆ ಸಂಜೆ ಮುನಿಸಿಕೊಂಡ ಡ್ರೈವರ್ ಇಂದು ಬೆಳಿಗ್ಗೆಯೂ ಅದೇ ಮುನಿಸಿನಲ್ಲೇ ಎದ್ದಿರಬಹುದು. 'ರೀಸ್ಟಾರ್ಟ್' ಮಾತ್ರ ಹೀಗೆ ಮಾಡುವುದಿಲ್ಲ, ಅದು ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತದೆ. ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಟ್ಟರೂ ಪೂರ್ತಿ ಆರುತ್ತದೆ. 'ಆರಿಸಿ ಹಾಕಿ ನೋಡಿ' ಎಂಬ ನಮ್ಮ ಹಳೆಯ ರಾಮಬಾಣವನ್ನು ವಿಂಡೋಸ್ ಹೀಗೆ ಸದ್ದಿಲ್ಲದೆ ಮೊಂಡು ಮಾಡಿದ್ದು ನನಗಂತೂ ಸರಿ ಕಾಣುವುದಿಲ್ಲ.

ರೀಸ್ಟಾರ್ಟ್ ಮಾಡಿಸಿದೆ. ಅಪ್ ಟೈಮ್ ಸೊನ್ನೆಗೆ ಇಳಿಯಿತು. ಎಕ್ಸೆಲ್ ತೆರೆದರು, ಎರಡು ಸಾಲು ಹೊಡೆದರು, ಮುಚ್ಚಲು ಹೋದರು. ಮತ್ತೆ ಬೆಳ್ಳಗೆ.

ನನಗೆ ಬೇಸರವಾಗಲಿಲ್ಲ, ಸುಳಿವು ಸಿಕ್ಕಿತು. ರೀಸ್ಟಾರ್ಟಿಗೆ ಮೆಮೊರಿಯಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಆದರೂ ಉಳಿದ ರೋಗ ಡಿಸ್ಕಿನಲ್ಲಿರಬೇಕು, ಇಲ್ಲವೇ ಯಂತ್ರದ ಹೊರಗೆ. ದುಭಾಷಿಯನ್ನು ಇನ್ನೊಮ್ಮೆ ಕೊಲ್ಲಿಸಿ, ಪ್ರಿಂಟರಿನ ಸಾಲು ತೆರೆಸಿದೆ. ಮುದ್ರಣಕ್ಕೆ ಕಳಿಸಿದ್ದ ಒಂದು ಬಿಲ್ 'ಡಿಲೀಟಿಂಗ್' ಎಂದು ಬರೆದುಕೊಂಡು ಕೂತಿತ್ತು. ಅಳಿಸಲು ಹೊರಟು ಅಳಿಸಲಾಗದೆ ನಿಂತ ಇಂಥವು ಎಷ್ಟು ರೀಸ್ಟಾರ್ಟಿಗೂ ಜಗ್ಗುವುದಿಲ್ಲ, ಏಕೆಂದರೆ ಅವು ಇರುವುದು ಡಿಸ್ಕಿನಲ್ಲಿ. 'ಸರ್ವಿಸಸ್' ಪಟ್ಟಿಯಲ್ಲಿ ಮುದ್ರಣದ ಸರದಿ ನೋಡಿಕೊಳ್ಳುವ 'ಪ್ರಿಂಟ್ ಸ್ಪೂಲರ್' ಹುಡುಕಿ ನಿಲ್ಲಿಸಲು ಹೇಳಿದೆ. ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್. ಪ್ರತಿ ಕೆಲಸಕ್ಕೂ ಎರಡು ಫೈಲು ಅಲ್ಲಿರುತ್ತವೆ: ಒಂದರಲ್ಲಿ ಮುದ್ರಿಸಬೇಕಾದದ್ದು, ಇನ್ನೊಂದರಲ್ಲಿ ಅದರ ವಿವರ. ಎರಡನ್ನೂ ಅಳಿಸಿ, ಸ್ಪೂಲರ್ ಮತ್ತೆ ಶುರುಮಾಡಿ, ಡೀಫಾಲ್ಟ್ ಪ್ರಿಂಟರಿನ ಜಾಗಕ್ಕೆ ಪಿಡಿಎಫ್ ಮಾಡುವ ಪ್ರಿಂಟರನ್ನು ಕೂರಿಸಿದ್ದಾಯಿತು. ಎಕ್ಸೆಲ್ ತೆರೆಯಿತು, ಮುಚ್ಚಿತು. ಇನ್ನೊಮ್ಮೆ ತೆರೆಯಿತು, ಮುಚ್ಚಿತು.

"ಅಲ್ಲ ಚಿಕ್ಕಪ್ಪ, ನಿಮ್ಮ ಪ್ರಿಂಟರ್ ಯಾಕೆ ಉತ್ತರ ಕೊಡ್ತಿಲ್ಲ? ಆನ್ ಇದೆಯಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅದು ರಿಪೇರಿಗೆ ಹೋಗಿ ಹನ್ನೆರಡು ದಿನ ಆಯ್ತು ಮಾರಾಯ" ಎಂದರು.