ಕೂತು ಹಾಳಾದ ಪದ್ಮಿನಿಯನ್ನು ಎಬ್ಬಿಸುವುದು

ಹತ್ತಿಪ್ಪತ್ತು ವರ್ಷ ಷೆಡ್ಡಿನಲ್ಲಿ ನಿಂತ ಪ್ರೀಮಿಯರ್ ಪದ್ಮಿನಿ ಸಿಕ್ಕರೆ ಎಲ್ಲರ ಕೈಯೂ ಮೊದಲು ಕೀಲಿಯತ್ತಲೇ ಹೋಗುತ್ತದೆ. ಹೊಸ ಬ್ಯಾಟರಿ ಹಾಕು, ಸೆಲ್ಫ್ ಹೊಡಿ, ನೋಡೋಣ! ದಯವಿಟ್ಟು ಬೇಡ. ಕಾರು ಓಡಿದರೆ ಸವೆಯುತ್ತದೆ, ನಿಜ. ಸುಮ್ನೆ ನಿಂತರೆ ಅದಕ್ಕಿಂತ ಜಾಸ್ತಿ ಕೆಡುತ್ತದೆ.

ಪದ್ಮಿನಿ ಅಂದರೆ ಮೂಲದಲ್ಲಿ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅದನ್ನು ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಒಂದು ಕಾರ್ಬ್ಯುರೇಟರ್. ಮನೆಯಲ್ಲೇ ಕೈ ಹಾಕೋಕೆ ಇದಕ್ಕಿಂತ ಒಳ್ಳೆಯ ಕಾರು ನಮ್ಮಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಂಬಾಸಡರ್ ಅಭಿಮಾನಿಗಳು ಬೈಯಬಹುದು, ಬೈಯಲಿ.

ಕೀಲಿ ತಿರುಗಿಸಬೇಡಿ ಅಂದದ್ದು ಯಾಕೆ? ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಯಾವುದಾದರೂ ಸಿಲಿಂಡರಿನ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಅಲ್ಲಿಂದ ತೇವದ ಗಾಳಿ ಒಳಗೆ ಹೋಗುತ್ತದೆ. ಪಿಸ್ಟನ್ ರಿಂಗೂ ಕಬ್ಬಿಣ, ಅದು ಉಜ್ಜಿಕೊಂಡು ಓಡಾಡುವ ಸಿಲಿಂಡರಿನ ಒಳಗೋಡೆ, ಅಂದರೆ ಬೋರೂ ಕಬ್ಬಿಣ. ಕರಾವಳಿ, ಮಲೆನಾಡಿನ ನಾಲ್ಕು ಮಳೆಗಾಲ ಸಾಕು, ಎರಡೂ ತುಕ್ಕಿನಲ್ಲಿ ಅಂಟಿಕೊಳ್ಳುತ್ತವೆ. ಆಗ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ, ಬೋರಿಗೆ ಗೀರು ಬೀಳುತ್ತದೆ. ಅದರ ಬದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್, ಡೀಸೆಲ್ ಬೆರೆಸಿ ಬಿಟ್ಟು ಕೆಲವು ದಿನ ಮರೆತುಬಿಡಿ. ಆಮೇಲೆ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಬಲ ಹಾಕಬೇಡಿ. ಕೂದಲೆಳೆಯಷ್ಟು ಅಲುಗಾಡಿದರೂ ಅರ್ಧ ಗೆದ್ದಂತೆ.

ಎಂಜಿನ್ ಎಣ್ಣೆಯಲ್ಲಿ ನೆನೆಯುತ್ತಿರುವಾಗ ಬ್ರೇಕಿನ ಕೆಲಸ ಮುಗಿಸಿ. ಓಡುವ ಕಾರಿಗಿಂತ ನಿಲ್ಲುವ ಕಾರು ಮುಖ್ಯ, ಅಲ್ವಾ? ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯಿಂದ ನೀರು ಹೀರುವುದು ಅದರ ಗುಣ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್ ದಾಟುವವರೆಗೂ ಕುದಿಯಬಾರದು ಎಂಬುದು ನಿಯಮ. ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಡ್ರಮ್ ಕಾದರೆ ಈ ಹಳೇ ದ್ರವ ಕುದಿಯಬಹುದು. ದ್ರವವನ್ನು ಒತ್ತಿ ಕುಗ್ಗಿಸಲು ಆಗದು, ಆವಿ ಮಾತ್ರ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದೇ ನೀರು ಚಕ್ರದ ಬಳಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರನ್ನು ಒಳಗಿಂದ ತುಕ್ಕು ಹಿಡಿಸಿರುತ್ತದೆ. ಹಾಗಾಗಿ ದ್ರವ, ರಬ್ಬರ್ ಹೋಸ್, ಸಿಲಿಂಡರಿನೊಳಗಿನ ರಬ್ಬರ್ ಕಪ್ ಎಲ್ಲವೂ ಹೊಸದು. ಇಲ್ಲಿ ಉಳಿತಾಯ ಬೇಡ. ಡ್ರಮ್ಮಿಗೆ ಉಜ್ಜುವ ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ನೀರು ಚಿಮುಕಿಸಿ ಒರೆಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗುವುದಂತೂ ಬೇಡವೇ ಬೇಡ.

ಇನ್ನು ಪೆಟ್ರೋಲ್. ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ವಾಸನೆ ಬರುತ್ತದೆ. ಬೇಗ ಆವಿಯಾಗುವ ಭಾಗ ಹಾರಿಹೋಗಿ, ಉಳಿದದ್ದು ಆಮ್ಲಜನಕ ಹೀರಿ ಗೋಂದಾಗಿರುತ್ತದೆ. ಆ ಗೋಂದು ಹೋಗಿ ಕೂರುವುದು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ. ಜೆಟ್ ಅಂದರೆ ನಡುವೆ ತೂತಿರುವ ಹಿತ್ತಾಳೆಯ ಪುಟ್ಟ ಸ್ಕ್ರೂ. ಸೊಲೆಕ್ಸ್ ಮಾದರಿಯ ಕಾರ್ಬ್ಯುರೇಟರಾದರೆ ಜೆಟ್ಟಿನ ತಲೆಯ ಮೇಲೆ ನಂಬರ್ ಇರುತ್ತದೆ: 120 ಅಂದರೆ ತೂತು 1.20 ಮಿಲಿಮೀಟರ್. ಇದನ್ನು ಸ್ಟೀಲ್ ತಂತಿಯಿಂದ ಚುಚ್ಚಿ ಬಿಡಿಸುವುದು ನಮ್ಮ ಊರಿನ ಹಳೇ ಚಾಳಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾಗುತ್ತದೆ. ಅಡ್ಡಳತೆ ಶೇಕಡ 5 ಹೆಚ್ಚಿದರೆ ವಿಸ್ತೀರ್ಣ ಶೇಕಡ 10 ಹೆಚ್ಚುತ್ತದೆ, ಪೆಟ್ರೋಲೂ ಸುಮಾರು ಅಷ್ಟೇ ಜಾಸ್ತಿ ಹೋಗುತ್ತದೆ. ಕ್ಲೀನರ್ ದ್ರವದಲ್ಲಿ ನೆನೆಹಾಕಿ ಗಾಳಿ ಊದಿದರೆ ಸಾಕು.

ಇದೇ ಲೆಕ್ಕ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಪದ್ಮಿನಿ ಹುಟ್ಟಿದ ಕಾಲದ ಪೆಟ್ರೋಲ್ ಬೇರೆ, ಈಗಿನದು ಬೇರೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರವರೆಗೆ ಎಥೆನಾಲ್ ಬೆರೆತದ್ದು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಸಾಕು, ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹತ್ತಿರಹತ್ತಿರ 13.5. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಗಾಳಿಯ ಲೆಕ್ಕಕ್ಕೆ ಇಂಧನ ಶೇಕಡ 8ರಷ್ಟು ಕಮ್ಮಿಯಾಗಿ, ಎಂಜಿನ್ ಜಗ್ಗುತ್ತದೆ, ಬಿಸಿಯಾಗುತ್ತದೆ. 120ರ ಜಾಗದಲ್ಲಿ 125 ಹಾಕಿದರೆ ವಿಸ್ತೀರ್ಣ ಎಷ್ಟು ಹೆಚ್ಚುತ್ತದೆ ನೋಡಿ: ಶೇಕಡ 8.5! ಇದು ಕಾಗದದ ಲೆಕ್ಕ. ನಿಮ್ಮ ಕಾರಿಗೆ ಯಾವ ನಂಬರ್ ಅಂತ ಕೊನೆಗೆ ಹೇಳುವುದು ಸ್ಪಾರ್ಕ್ ಪ್ಲಗ್ಗಿನ ಬಣ್ಣ. ತಿಳಿ ಕಂದು ಬಂದರೆ ಸರಿ, ಬಿಳಿಚಿಕೊಂಡಿದ್ದರೆ ಇಂಧನ ಸಾಲದು, ಮಸಿ ಹಿಡಿದಿದ್ದರೆ ಜಾಸ್ತಿಯಾಯಿತು. ಎಥೆನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಹಾಗಾಗಿ ಪೆಟ್ರೋಲ್ ಪೈಪನ್ನೂ ಬದಲಾಯಿಸಿ.

ಕಿಡಿಯ ಕಥೆ ಚಿಕ್ಕದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ (ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ತೆರೆದ ಕ್ಷಣ ಕಾಯಿಲಿನ ಕಾಂತಕ್ಷೇತ್ರ ಕುಸಿದು, 12 ವೋಲ್ಟಿನಿಂದ ಸಾವಿರಾರು ವೋಲ್ಟ್ ಹುಟ್ಟುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ. ನಿಂತ ಕಾರಿನಲ್ಲಿ ಪಾಯಿಂಟಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡ್ ಪದರ ಕಟ್ಟಿರುತ್ತದೆ, ಕರೆಂಟ್ ಹರಿಯುವುದಿಲ್ಲ. ನುಣುಪು ಮರಳುಕಾಗದದ ಚೂರನ್ನು ನಡುವೆ ಎಳೆದು, ಫೀಲರ್ ಗೇಜ್ ಎಂಬ ಅಳತೆಯ ತೆಳು ಪಟ್ಟಿಯಿಂದ ಸಂದು ಸರಿ ಮಾಡಿದರೆ ಎಷ್ಟೋ ಕಾರುಗಳು ಅಲ್ಲೇ ಮಾತಾಡುತ್ತವೆ.

ರಸ್ತೆಗಿಳಿಸುವ ಮುನ್ನ ಕಾಗದಪತ್ರ ನೋಡಿ. 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಬೇಕು. 50 ವರ್ಷ ದಾಟಿದ ಕಾರುಗಳಿಗೆ 2021ರ ಕೇಂದ್ರ ನಿಯಮದಲ್ಲಿ ವಿಎ ಸರಣಿಯ ಪ್ರತ್ಯೇಕ ನೋಂದಣಿ ಇದೆ. ಆದರೆ ಅದರಲ್ಲಿ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ ಹೋಗಬಹುದು, ದಿನಾ ಓಡಿಸುವಂತಿಲ್ಲ.

ಎದ್ದ ಕಾರನ್ನು ವಾರಕ್ಕೊಮ್ಮೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರಿದ್ದಾರೆ. ಅದು ಉಪಕಾರವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ತಣ್ಣಗಿದ್ದರೆ ಅದರಲ್ಲಿ ಸ್ವಲ್ಪ ಆಯಿಲಿಗೆ, ಸ್ವಲ್ಪ ಸೈಲೆನ್ಸರಿಗೆ ಇಳಿದು ಅಲ್ಲೇ ಕೂರುತ್ತದೆ. ತಿಂಗಳಿಗೊಮ್ಮೆಯಾದರೂ ಪರವಾಗಿಲ್ಲ, ಪಕ್ಕದ ಊರಿಗೆ ಹೋಗಿ ಕಾಫಿ ಕುಡಿದು ಬನ್ನಿ. ಅರ್ಧ ಗಂಟೆ ಚೆನ್ನಾಗಿ ಕಾದ ಎಂಜಿನ್ ಆ ನೀರನ್ನು ತಾನೇ ಹೊರಗೆ ಹಾಕುತ್ತದೆ.